ನಾನು ನುಂಗಿದ ಕೂಗು

ಹೋದ ವಾರ ಸಾಗರದಲ್ಲಿರುವ ಅಣ್ಣನ ಮನೆಗೆ ಹೋಗಿ ತೀರ್ಥಹಳ್ಳಿಗೆ ವಾಪಸು ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಡಬ್ಬಿ ತೆಗೆದು ತಲೆನೋವಿನ ಮುಲಾಮನ್ನು ಹಣೆಗೆ ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಪಾಪ, ಆ ಹೆಂಗಸಿನ ಮೇಲಲ್ಲ. ಸತ್ತು ಇಪ್ಪತ್ತು ವರ್ಷಕ್ಕೂ ಹೆಚ್ಚಾದ ನಮ್ಮ ಓನರ್ ಅಜ್ಜಿಯ ಮೇಲೆ.

ನನಗಾಗ ಇಪ್ಪತ್ಮೂರು. ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಅಜ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಶರಾವತಿಯ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಪೇಟೆಗೆ ಬಂದು ನೆಲೆಸಿದವರು ಅವರು. ಹಿಂದೆ ಮುಂದೆ ಯಾರೂ ಇಲ್ಲ. ಹಣೆಗೆ ಸದಾ ಮುಲಾಮು, ಬಾಯಲ್ಲಿ ಸದಾ ಬೈಗುಳ. ನಾನು ಬಾವಿಯಿಂದ ಮೂರನೇ ಕೊಡ ಸೇದಿದರೆ ಸಿಡುಕುತ್ತಿದ್ದರು. ನನಗೆ ಬಂದ ಕಾಗದಗಳನ್ನು ಒಡೆದು ಓದಿ, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿ ಕೊಡುತ್ತಿದ್ದರು. ನಾನೇನು ಕಮ್ಮಿಯೇ? ಅವರಿಗೆ ಆಗುವುದಿಲ್ಲ ಎಂದು ಗೊತ್ತಿದ್ದೂ ವಾರಕ್ಕೆರಡು ಸಲ ಒಣಮೀನು ಸುಡುತ್ತಿದ್ದೆ. ಒಟ್ಟಿನಲ್ಲಿ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ.

ಎಲ್ಲಕ್ಕಿಂತ ಮೈ ಉರಿಸಿದ್ದು ಅವರು ಓಗೊಡುತ್ತಿದ್ದ ರೀತಿ. “ಅಜ್ಜೀ…” ಎಂದು ಕರೆದರೆ ಉತ್ತರವಿಲ್ಲ. ಇನ್ನೊಮ್ಮೆ ಕರೆದರೂ ಇಲ್ಲ. ಒಳಗೆ ಪಾತ್ರೆಯ ಸದ್ದು ಮಾತ್ರ ಕೇಳುತ್ತಿರುತ್ತದೆ! ಮೂರನೇ ಸಲ ಕರೆದ ಮೇಲೆಯೇ “ಎಂತದು?” ಎನ್ನುತ್ತಿದ್ದರು. ಕಚೇರಿ ಮುಗಿಸಿ ಮಳೆಯಲ್ಲಿ ನೆನೆದು ಬಂದ ದಿನವೂ ಮೂರು ಸಲ ಕೂಗದೆ ಬಾಗಿಲು ತೆಗೆದವರಲ್ಲ. ಮುದುಕಿಗೆ ಕೊಬ್ಬು ಎಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ನಡುಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವತ್ತು ಸಾಗರದಿಂದ ನಮ್ಮಣ್ಣ ಬರುವವನಿದ್ದ. ಬೇಲಿಯ ಆಚೆಯಿಂದ ಗಂಡಸಿನ ದನಿಯೊಂದು ಕೇಳಿಸಿತು. “ತಂಗೀ…” ಕೈಯಲ್ಲಿದ್ದ ಸೀರೆಯನ್ನು ಹಿಂಡುವಷ್ಟರಲ್ಲಿ ಮತ್ತೊಮ್ಮೆ, “ತಂಗೀ…” ನಾನು ಖುಷಿಯಿಂದ “ಓ… ಬಂದೆ ಅಣ್ಣಾ!” ಎಂದುಬಿಟ್ಟೆ.

ಅಡುಗೆಮನೆಯಿಂದ ಅಜ್ಜಿ ಹಾರಿ ಬಂದು ನನ್ನ ಬಾಯಿ ಮುಚ್ಚಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಲಿಯ ಆಚೆ ಯಾರೂ ಇರಲಿಲ್ಲ. ನಮ್ಮಣ್ಣ ಬಂದಿಳಿದದ್ದು ಸಂಜೆಯ ಬಸ್ಸಿಗೆ.

“ನಿನ್ನ ಬಾಯಿಗೆ ಮಣ್ಣು ಹಾಕ! ನಿನ್ನನ್ನ ಯಾರೇ ಕರ್ದಿದ್ದು?” ಎಂದು ಅಜ್ಜಿ ನನ್ನ ರಟ್ಟೆ ಹಿಡಿದು ಅಲುಗಾಡಿಸಿದರು. “ಅಂವ ನಮ್ಮಣ್ಣ ಕಣೇ…”

ಬೈಗುಳದ ನಡುವೆ ಕತೆಯೂ ಹೊರಬಿತ್ತು. ಅಜ್ಜಿ ಹದಿನಾಲ್ಕರ ಹುಡುಗಿಯಾಗಿದ್ದಾಗ ಅವರ ಒಬ್ಬನೇ ಅಣ್ಣ ಮನೆಯಲ್ಲಿ ಜಗಳ ಮಾಡಿಕೊಂಡು ಶಿವಮೊಗ್ಗಕ್ಕೆ ಹೋಗಿ ಸೈನ್ಯ ಸೇರಿದ್ದ. ಎರಡನೇ ಮಹಾಯುದ್ಧದ ಕಾಲ. ಬರ್ಮಾಕ್ಕೆ ಹೊರಟಿದ್ದೇನೆ ಎಂಬ ಒಂದು ಕಾಗದ ಬಂತು. ಆಮೇಲೆ ಸತ್ತನೆಂದೂ ಸುದ್ದಿಯಿಲ್ಲ, ಇದ್ದಾನೆಂದೂ ಇಲ್ಲ. ಯುದ್ಧ ಮುಗಿದ ವರ್ಷ ಒಂದು ಮಧ್ಯಾಹ್ನ ಅಂಗಳದಾಚೆಯಿಂದ “ತಂಗೀ…” ಎಂದು ಅವನದೇ ದನಿ ಕೇಳಿಸಿತು. ಎದ್ದು ಓಡಲು ಹೋದ ಮಗಳ ಬಾಯನ್ನು ಅವ್ವ ಗಟ್ಟಿಯಾಗಿ ಮುಚ್ಚಿ ಹಿಡಿದಳು. ದೆವ್ವ ಕೂಗುವುದು ಎರಡೇ ಸಲ, ಮನುಷ್ಯರಾದರೆ ಮೂರನೇ ಸಲ ಕೂಗಿಯೇ ಕೂಗುತ್ತಾರೆ, ಅಲ್ಲಿಯವರೆಗೆ ಓಗೊಡಬಾರದು ಎಂಬುದು ನಮ್ಮ ಕಡೆಯ ಹಳಬರ ನಂಬಿಕೆ. ಅವತ್ತು ಕೂಗು ಎರಡಕ್ಕೇ ನಿಂತಿತು. ಅಂದಿನಿಂದ ವರ್ಷಕ್ಕೊಮ್ಮೆ ಎರಡು ಕೂಗು. ಊರು ಮುಳುಗಿದರೂ ಆ ದನಿ ದಾರಿ ಹುಡುಕಿಕೊಂಡು ಹೊಸನಗರಕ್ಕೆ ಬಂದಿತ್ತು.

“ಮೂರನೇ ಸಲ ಕೂಗಿದ್ರೆ ಅಂವ ಬದುಕಿದಾನೆ ಅಂತಾಗ್ತಿತ್ತು. ನಲವತ್ತು ವರ್ಷದಿಂದ ಹಲ್ಲು ಕಚ್ಕೊಂಡಿದ್ದೆ ನಾನು. ಆ ಕೂಗನ್ನ ನೀನು ನುಂಗಿಬಿಟ್ಯಲ್ಲೇ! ಇನ್ನು ಅಂವ ನಿನ್ನ ಬೆನ್ನು ಹತ್ತಿ ಹೋಗ್ತಾನೆ. ನನ್ ಹತ್ರ ಬರಲ್ಲ.”

ಆಗ ನಾನು ಸುಮ್ಮನಿದ್ದಿದ್ದರೆ ಆಗಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ. “ಸತ್ತೋರನ್ನ ಕಾಯಕ್ಕೂ ಒಂದು ಮಿತಿ ಬೇಡ್ವಾ ಅಜ್ಜಿ?” ಎಂದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಮರುದಿನ ಕಚೇರಿಯಿಂದ ಬರುವಾಗ ನನ್ನ ಟ್ರಂಕು, ಹಾಸಿಗೆ ಜಗಲಿಯ ಮೇಲಿದ್ದವು. ಮೂರಲ್ಲ, ಮೂವತ್ತು ಸಲ ಕೂಗಿದೆ. ಬಾಗಿಲು ತೆರೆಯಲಿಲ್ಲ.

ಮುಂದಿನ ವರ್ಷದೊಳಗೆ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು, ಮದುವೆಯೂ ಆಯಿತು. ಹೊಸ ಮನೆಯಲ್ಲಿ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಿದ್ದಾಗ ಗೇಟಿನ ಆಚೆಯಿಂದ “ತಂಗೀ…” ಎಂದು ಕೇಳಿಸಿತು. ಆಮೇಲೆ ಇನ್ನೊಂದು. ಮೊರ ಕೈಯಿಂದ ಜಾರಿತು. ಗಂಡನಿಗೆ ಏನೂ ಕೇಳಿಸಿರಲಿಲ್ಲ. ಅಜ್ಜಿ ಹೇಳಿದಂತೆಯೇ ಆಗಿತ್ತು.

ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ ನಿಮ್ಮಣ್ಣ ನಮ್ಮನೆಗೆ ಬರ್ತಿದ್ದಾನೆ, ಬನ್ನಿ, ಜೊತೆಗೆ ಕೂತು ಕೇಳೋಣ ಎಂದು ಕರೆಯಬಹುದಿತ್ತು. ಹೋಗಲಿಲ್ಲ. ಟ್ರಂಕನ್ನು ಹೊರಗಿಟ್ಟವರ ಮನೆಗೆ ನಾನ್ಯಾಕೆ ಹೋಗಲಿ ಎಂಬ ಹಟ. ಪ್ರತಿ ವರ್ಷ ಎರಡು ಕೂಗು ಕೇಳಿದಾಗಲೂ ಈ ಸಲ ಹೋಗಬೇಕು ಅನಿಸುತ್ತಿತ್ತು, ಹಾಗೇ ಮುಂದೆ ಹೋಗುತ್ತಿತ್ತು… ಕಡೆಗೆ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಾಗ ಓನರ್ ಅಜ್ಜಿ ತೀರಿಕೊಂಡ ಸುದ್ದಿ ಹೇಳಿದರು. ಕೊನೆಯ ವರ್ಷಗಳಲ್ಲಿ ದಿನಾ ಮಧ್ಯಾಹ್ನ ಊಟ ಬಿಟ್ಟು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದರಂತೆ, ಬೇಲಿಯ ಕಡೆ ಕಿವಿ ಕೊಟ್ಟು. ಅವತ್ತು ನನಗೆ ಅನ್ನ ಸೇರಲಿಲ್ಲ.

ಬಸ್ಸಿನಲ್ಲಿ ಅವರು ನೆನಪಾದ ಮರುದಿನವೇ ಆ ದನಿ ಬಂತು. ಈಗ ಕೆಲಸದಿಂದ ನಿವೃತ್ತಿಯಾಗಿದೆ, ಗಂಡನೂ ಇಲ್ಲ, ಮನೆಯಲ್ಲಿ ನಾನೊಬ್ಬಳೇ. ಮೊದಲ ಕೂಗು, ಎರಡನೇ ಕೂಗು ಮುಗಿದವು. ಇನ್ನು ಮುಂದಿನ ವರ್ಷದ ಮಾತು ಎಂದುಕೊಂಡು ತಟ್ಟೆಯ ಮುಂದೆ ಕೂತೆ. ಆಗ ಮೂರನೆಯದು ಕೇಳಿಸಿತು. “ತಂಗೀ…” ಬಹಳ ದೂರ ನಡೆದು ಸುಸ್ತಾದವನ ದನಿ.

ಎಂಜಲು ಕೈಯಲ್ಲೇ ಎದ್ದು ಬಾಗಿಲು ತೆರೆದು ಗೇಟಿನವರೆಗೆ ಓಡಿದೆ. ಬಿಸಿಲು ಬಿಟ್ಟರೆ ರಸ್ತೆಯಲ್ಲಿ ಏನೂ ಇರಲಿಲ್ಲ. ಎಲ್ಲಿತ್ತೋ ಆ ಸಿಟ್ಟು. “ಇಷ್ಟು ವರ್ಷ ಎಲ್ಲಿ ಸತ್ತಿದ್ಯೋ?” ಎಂದು ಕಿರುಚಿದೆ. ಆಡಿದ ಮೇಲೆ ಆ ಮಾತಿನ ಅರ್ಥ ಹೊಳೆಯಿತು. ಗೇಟು ಹಿಡಿದುಕೊಂಡು, ಯಾರೂ ಇಲ್ಲದ ರಸ್ತೆಗೆ ಮೆಲ್ಲಗೆ ಹೇಳಿದೆ.

“ನಿನ್ನ ತಂಗಿ ಹೋಗ್ಬಿಟ್ಲು ಅಣ್ಣಾ… ನೀನು ನನ್ ಹತ್ರ ಬರ್ತಿದೀಯ ಅಂತ ಅವಳಿಗೆ ನಾನೇ ಹೇಳ್ಲಿಲ್ಲ.”