ಇಲಿಗಳ ಪಥ್ಯ

ಅಮ್ಮನ ಹಿತ್ತಲಿನ ಒಂದೆಲಗವನ್ನು ಪ್ರಯೋಗಾಲಯಕ್ಕೆ ತಂದವಳು ನಾನೇ. ರಾಜಾನುಕುಂಟೆಯ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೀರು ಹರಿಯುವಲ್ಲೆಲ್ಲ ಅದು ಹಬ್ಬಿಕೊಂಡಿರುತ್ತದೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನಾನು ಯಲಹಂಕದ ಕಡೆ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಸುಳ್ಳು ಮಾಡಿಯೇ ತೀರುತ್ತೇನೆಂಬ ಹಟ ಆ ವರ್ಷ ನನ್ನ ತಲೆಗೇರಿತ್ತು. ಅಮ್ಮ ಸೊಪ್ಪು ಕಿತ್ತು, ತೊಳೆದು, ಹಳೆಯ ಪಂಚೆಯ ಮೇಲೆ ನೆರಳಲ್ಲಿ ಒಣಗಿಸಿ ಕೊಡುತ್ತಿದ್ದಳು. ನಾವು ಅದನ್ನು ಪುಡಿ ಮಾಡಿ, ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ಸ್ಪಿರಿಟ್ ಆವಿಯಾದ ಮೇಲೆ ತಳದಲ್ಲಿ ಉಳಿಯುವ ಅಂಟಂಟು ಸಾರವನ್ನು ಇಲಿಗಳಿಗೆ ಕುಡಿಸುತ್ತಿದ್ದೆವು. ಈ ಸಾರ ಹೊಟ್ಟೆಯ ಹುಣ್ಣನ್ನು ತಡೆಯುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ.

ತಡೆದಂತೆ ಕಂಡಿತು. ನನಗೆ ಎರಡು ಕೊಂಬು ಮೂಡಿದವು. ಆ ಭಾನುವಾರವೇ ಊರಿಗೆ ಹೋಗಿ, ಅಡುಗೆಮನೆಯಲ್ಲಿ ಕೂತು ಕೊಚ್ಚಿಕೊಂಡೆ.

“ನೋಡಮ್ಮ, ನೋವಿನ ಮಾತ್ರೆ ಕೊಟ್ರೆ ಇಲಿಗಳ ಹೊಟ್ಟೆಲಿ ಹುಣ್ಣಾಗುತ್ತೆ. ನಿನ್ ಸೊಪ್ಪಿನ ಸಾರ ಮೊದ್ಲೇ ಕುಡಿಸಿದ್ವಲ್ಲ, ಅವಕ್ಕೆ ಹೆಚ್ಚುಕಮ್ಮಿ ಏನೂ ಆಗಿಲ್ಲ!”

ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸಿ ಒಂದೊಂದಾಗಿ ಕೇಳಿದಳು. “ಊಟ ಆದ್ಮೇಲೆ ಕೊಡ್ತೀರೋ, ಮುಂಚೇನೋ?” ಖಾಲಿ ಹೊಟ್ಟೆಗೆ, ಎಂದೆ. “ಸೊಪ್ಪು ಕೊಟ್ಟು ಎಷ್ಟ್ ಒತ್ತಿಗೆ ಮಾತ್ರೆ?” ಒಂದು ಗಂಟೆ ಬಿಟ್ಟು, ಎಂದೆ. ಅಮ್ಮನಿಗೆ ನನ್ನ ಕೆಲಸದಲ್ಲಿ ಇಷ್ಟು ಆಸಕ್ತಿಯೇ ಎಂದು ಉಬ್ಬಿಹೋದೆ. ಒಂದು ವಿಷಯ ಮಾತ್ರ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೊಟ್ಟೆಯೊಳಗೆ ಏನಾಗಿದೆ ಎಂದು ನೋಡಲು ಇಲಿಯನ್ನು ಅಂದೇ ಸಾಯಿಸಬೇಕು. ಕೋಳಿ ಕುಯ್ಯುವಾಗಲೂ ಬೆನ್ನು ತಿರುಗಿಸಿ ನಿಲ್ಲುವವಳಿಗೆ ಅದನ್ನೆಲ್ಲ ಯಾಕೆ ಹೇಳುವುದು ಎನಿಸಿತ್ತು.

ಅಮ್ಮನ ಮಂಡಿ ನೋವು ಹಳೆಯದು. ಮೆಡಿಕಲ್ ಶಾಪಿನ ನೋವಿನ ಮಾತ್ರೆಗಳನ್ನು ತಿಂದರೆ ಹೊಟ್ಟೆ ತೂತು ಬೀಳುತ್ತದೆ ಎಂದು ವರ್ಷಗಟ್ಟಲೆ ಹೆದರಿಸಿ ಬಿಡಿಸಿದ್ದೆ. ಆ ಮಾತ್ರೆಗಳ ನೆನಪೇ ನನಗೆ ಆ ದಿನ ಬರಲಿಲ್ಲ.

ಮೂರು ತಿಂಗಳ ಮೇಲೆ, ಪರೀಕ್ಷೆಗಳೆಲ್ಲ ಮುಗಿದು, ಎರಡು ದಿನ ಇರೋಣವೆಂದು ಹೋದೆ. ಬಾಗಿಲು ತೆಗೆದ ಅಮ್ಮನ ಮುಖ ನೋಡಿ ಹೊಸ್ತಿಲಲ್ಲೇ ನಿಂತೆ. ಬಿಳುಚಿಕೊಂಡಿದ್ದಳು. ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಡುತ್ತಿದ್ದಳು. ಕೇಳಿದರೆ ವಯಸ್ಸಾಯಿತು ಎಂದಳು. ಮಾರನೆಯ ಬೆಳಿಗ್ಗೆ ಒಂದೆಲಗ ಅರೆದು, ಹಿಂಡಿ, ಲೋಟ ಎತ್ತಿ ಗಟಗಟ ಕುಡಿದು, ಗಡಿಯಾರ ನೋಡಿದಳು. ನಾನು ಉಪ್ಪಿಟ್ಟು ಕೊಡಲು ಹೋದರೆ ಕೈ ಅಡ್ಡ ಇಟ್ಟಳು.

“ಈಗ್ಲೇ ಬ್ಯಾಡ ಕಣೆ. ಇನ್ನೂ ಟೈಮ್ ಆಗಿಲ್ಲ.”

ಸರಿಯಾಗಿ ಒಂದು ಗಂಟೆ ಕಳೆದ ಮೇಲೆ, ಸಾಸಿವೆ ಡಬ್ಬಿಯ ಹಿಂದಿನಿಂದ ಎರಡು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡಳು.

“ಅಮ್ಮಾ, ಇದೇನಿದು?”

“ಮಂಡಿಗೆ. ಎದ್ರುಕೋಬ್ಯಾಡ, ನಿನ್ ಇಲಿಗಳ ತರಾನೇ ತಗೊಳ್ತಾ ಇವ್ನಿ.”

ಇಲಿಗಳನ್ನು ಉಪವಾಸ ಕೆಡವುವುದೇ ಹುಣ್ಣು ಚೆನ್ನಾಗಿ ಮೂಡಲಿ ಎಂದು. ಹುಣ್ಣು ಬರಿಸುವ ಕ್ರಮವನ್ನು ಅಮ್ಮ ಪಥ್ಯ ಎಂದುಕೊಂಡು, ಒಂದು ದಿನವೂ ತಪ್ಪದೆ ಪಾಲಿಸಿದ್ದಳು. ಮಲ ಯಾವ ಬಣ್ಣ ಎಂದು ಕೇಳಿದೆ. “ಕರ್ರಗೆ ಓಯ್ತದೆ. ಸೊಪ್ಪು ಕುಡುದ್ರೆ ಅಂಗೇ ಅಲ್ವಾ?” ಎಂದಳು. ಒಳಗೆ ರಕ್ತ ಸೋರುತ್ತಿದ್ದರೂ ಹಾಗೇ ಆಗುತ್ತದೆ ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಬರೆಸಿದ್ದೇನೋ.

ತಡಮಾಡದೆ ಸಂಜಯನಗರದ ನರ್ಸಿಂಗ್ ಹೋಮ್ ಒಂದಕ್ಕೆ ಕರೆದುಕೊಂಡು ಬಂದೆ. ಗಂಟಲಿನಿಂದ ಕೊಳವೆ ಇಳಿಸಿ ನೋಡುವಷ್ಟು ಹೊತ್ತು ಹೊರಗೆ ಬೆಂಚಿನ ಮೇಲೆ ಕೂತು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನಾನು ದೇವರನ್ನು ಅಷ್ಟಾಗಿ ನಂಬುವವಳಲ್ಲ. ಅಮ್ಮ ಸತ್ತರೆ ಕೊಂದವಳು ನಾನೇ ಎಂಬ ಒಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಬಳಿಕ ಡಾಕ್ಟರು ಒಳಗೆ ಕರೆದು ಫೋಟೋ ಮುಂದಿಟ್ಟರು. ಕೆಂಪು ಗೀರುಗಳು, ನಡುವೆ ಒಂದು ಕಪ್ಪು ಗುಳಿ. ಅಂಥ ಗೀರುಗಳನ್ನು ಭೂತಗನ್ನಡಿ ಹಿಡಿದು ಎಣಿಸುವುದೇ ನನ್ನ ಅಭ್ಯಾಸ. ಗೊತ್ತಿಲ್ಲದೆ ಎಣಿಸತೊಡಗಿದ್ದೆ. ಏಳಕ್ಕೆ ಬಂದಾಗ ಅದು ಯಾರ ಹೊಟ್ಟೆ ಎಂಬುದು ಅರಿವಿಗೆ ಬಂದು ಫೋಟೋ ಮಗುಚಿಟ್ಟೆ.

“ತೂತು ಬಿದ್ದಿಲ್ಲ, ಅದೃಷ್ಟ ಕಣ್ರೀ,” ಎಂದರು ಡಾಕ್ಟರು. “ಇನ್ನು ನೋವಿನ ಮಾತ್ರೆ ಮುಟ್ಟೋ ಹಾಗಿಲ್ಲ. ಮೂರು ದಿನ ಇಲ್ಲೇ ಇರ್ಲಿ, ರಕ್ತ ಕೊಡ್ಬೇಕು.” ಸೊಪ್ಪಿನ ವಿಷಯ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ನಾಲ್ಕನೆಯ ದಿನ ಊರಿಗೆ ಕರೆದೊಯ್ಯುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತೇ ಹೋಯಿತು. ಔಷಧಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಮ್ಮ ಕೇಳಿದಳು.

“ನಿನ್ ಇಲಿಗಳೂ ಇಂಗೇ ದಿನಾ ಮಾತ್ರೆ ನುಂಗ್ತವಾ?”

“ಇಲ್ಲಮ್ಮ. ಒಂದೇ ಸಲ.”

“ಆಮೇಕೆ?”

ಅಡುಗೆಮನೆಯಲ್ಲಿ ನುಂಗಿಕೊಂಡಿದ್ದ ಮಾತನ್ನು ಈಗ ಆಡಲೇಬೇಕಾಯಿತು. “ಅವತ್ತೇ ಸಾಯಿಸಿ, ಹೊಟ್ಟೆ ಕುಯ್ದು ನೋಡ್ತೀವಿ.”

ಅಮ್ಮ ಔಷಧಿಯ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಬೈದರೆ ಸಾಕಪ್ಪ ಎಂದು ನಾನು ಕಾದೆ.

“ಸೊಪ್ಪು ಕುಡುದಿದ್ದವನ್ನೂವಾ?”

“ಹೂಂ. ಎಲ್ಲವನ್ನೂ.”

“ಅಯ್ಯೋ ಪಾಪ,” ಎಂದಳು. “ಒಂದಾದ್ರೂ ಬದುಕೈತೆ ಅಂದ್ಕೊಂಡಿದ್ದೆ ಕಣೆ.”