ಮಿರ್ತಾಗೆ ಈಜು ಕಲಿಸಿದ ಎಲಿಹಿಯೊ

ಬೆಳಿಗ್ಗೆ ಆರಕ್ಕೆ ನಾನು ಹೋಟೆಲಿನ ಅತಿಥಿಗಳಿಗೆ ಟವೆಲ್ ಕೊಡುವ ಕಿಟಕಿ ತೆರೆಯುವ ಹೊತ್ತಿಗೆ ಎಲಿಹಿಯೊ ಈಜುಕೊಳದ ಸುತ್ತ ಎರಡು ಸುತ್ತು ಹಾಕಿ ಮುಗಿಸಿರುತ್ತಿದ್ದ. ಉದ್ದ ಕೋಲಿನ ಬಲೆಯಿಂದ ಉದುರಿದ ಎಲೆ, ದಾರಿ ತಪ್ಪಿ ಬಿದ್ದ ಕಪ್ಪೆ, ಯಾವುದೋ ಮಗುವಿನ ಒಂಟಿ ಚಪ್ಪಲಿ ಎಲ್ಲವನ್ನೂ ಎತ್ತಿ ಹಾಕುತ್ತಿದ್ದ. ಆಮೇಲೆ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಎರಡು ಹನಿ ಔಷಧಿ ಬಿಟ್ಟು, ಬೆಳಕಿಗೆ ಹಿಡಿದು ನೋಡುತ್ತಿದ್ದ. ಹಳದಿ ಸರಿಯಾಗಿ ಬಂದರೆ ತಲೆಯಾಡಿಸುತ್ತಿದ್ದ. ಬರದಿದ್ದರೆ ಪಂಪಿನ ಕೋಣೆಗೆ ಹೋಗಿ ಕ್ಲೋರಿನ್ ಡಬ್ಬಗಳಿಗೆ ಏನೋ ಬೈದು ಬರುತ್ತಿದ್ದ. ಅವನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹಾಗಾಗಿ ತಲೆ ಎತ್ತಿ ನೋಡದೆಯೇ ಅವನು ಬಂದದ್ದು ನನಗೆ ತಿಳಿಯುತ್ತಿತ್ತು.

ಒಂಬತ್ತರ ನಂತರ ಅವನು ಎತ್ತರದ ಬಿಳಿ ಕುರ್ಚಿ ಹತ್ತಿ ಕೂತರೆ ಮಧ್ಯಾಹ್ನದ ಊಟದವರೆಗೆ ಇಳಿಯುತ್ತಿರಲಿಲ್ಲ. ಕುರ್ಚಿಯ ಪಕ್ಕದಲ್ಲೇ ನನ್ನ ಕಿಟಕಿ. ಅವನ ಮಾತುಗಳೆಲ್ಲ ನೀರಿನ ಕಡೆ ಮುಖ ಮಾಡಿಕೊಂಡೇ ಬರುತ್ತಿದ್ದವು.

"ಹಸಿಂತಾ, ಅಲ್ಲಿ ಕಿರುಚಾಡ್ತಾ ಇದಾರಲ್ಲ, ಅವ್ರನ್ನ ಬೇಕಿದ್ರೆ ನೀನು ನೋಡ್ಕೊ. ನಾನು ಸುಮ್ನಿರೋರನ್ನ ನೋಡ್ತೀನಿ."

ಒಂದು ದಿನ ಕೆನಡಾದ ಮುದುಕರೊಬ್ಬರು, ಹಾಡು ಹಾಕಿಕೊಂಡು ಮೂವತ್ತು ಜನ ನೀರಲ್ಲಿ ಕೈಕಾಲು ಆಡಿಸುತ್ತಿದ್ದಾಗ, ಅವರ ನಡುವೆಯೇ ಸದ್ದಿಲ್ಲದೆ ಕೆಳಗೆ ಹೋದರು. ಪಕ್ಕದಲ್ಲಿದ್ದ ಅವರ ಹೆಂಡತಿಗೂ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿದ್ದ ಟವೆಲ್ ಮಡಿಸಿ ಮುಗಿಯುವುದರೊಳಗೆ ಎಲಿಹಿಯೊ ಅವರನ್ನು ಅಂಚಿಗೆ ತಂದು ಬೋರಲು ಮಲಗಿಸಿ ನೀರು ಕಕ್ಕಿಸುತ್ತಿದ್ದ. ಉಳಿದ ನಾಲ್ಕು ದಿನ ಆ ಗಂಡ ಹೆಂಡತಿ ಅವನ ಕಣ್ಣಿಗೆ ಬೀಳದ ಹಾಗೆ ಆ ಕಡೆಯ ಸಣ್ಣ ಕೊಳಕ್ಕೆ ಹೋಗುತ್ತಿದ್ದರು. ನನಗೆ ಸಿಟ್ಟು ಬಂತು.

"ಒಂದು ಥ್ಯಾಂಕ್ಸ್ ಹೇಳಿದ್ರೆ ನಾಲಿಗೆ ಸವೆಯುತ್ತಾ ಅವ್ರಿಗೆ?" ಅಂದೆ.

"ಎಲ್ರೂ ಹಾಗೇನೇ. ನನ್ನ ಮುಖ ನೋಡಿದ್ರೆ ಅವ್ರಿಗೆ ಆ ಹೊತ್ತು ನೆನಪಾಗುತ್ತೆ. ಬಿಡು," ಅಂದ. ಹದಿನೆಂಟು ವರ್ಷದಲ್ಲಿ ಹದಿನಾಲ್ಕು ಜನರನ್ನು ಎತ್ತಿದ್ದ. ಅವರಲ್ಲಿ ಇಬ್ಬರು ಮಾತ್ರ ಮರಳಿ ಬಂದು ಕೈ ಕುಲುಕಿದ್ದರು.

ಇಂಥವನನ್ನು ಊರಿನ ಮೀನುಗಾರರು ಮಾತ್ರ ಕೆಣಕದೆ ಬಿಡುತ್ತಿರಲಿಲ್ಲ. ದಡದ ಬಾದಾಮಿ ಮರದ ಕೆಳಗೆ ಡಾಮಿನೊ ಆಡುತ್ತಾ ಕೂತವರು, ಅವನು ಸಂಜೆ ಮನೆಗೆ ಹೋಗುವಾಗ ಕೂಗುತ್ತಿದ್ದರು: "ಏನಯ್ಯಾ, ಇವತ್ತು ಬಕೆಟ್ಟಲ್ಲಿ ಅಲೆ ಜೋರಿತ್ತಾ?"

"ಬಕೆಟ್ಟಲ್ಲೂ ಜನ ಸಾಯ್ತಾರೆ. ನೀನು ಆಟ ಆಡು," ಅಂದು ಕಾಲೆಳೆದುಕೊಂಡು ಮುಂದೆ ಹೋಗುತ್ತಿದ್ದ.

ಅವರು ಹಾಗನ್ನಲು ಕಾರಣವಿತ್ತು. ನಮ್ಮ ಉತ್ತರ ಕರಾವಳಿಯಲ್ಲಿ ಒಂದು ಕಾಲಕ್ಕೆ ಎಲಿಹಿಯೊನಷ್ಟು ಆಳಕ್ಕೆ ಇಳಿಯುವವರು ಇರಲಿಲ್ಲ. ಅವನೂ ಅವನ ಗೆಳೆಯ ಫರ್ಮಿನ್ನನೂ ಜೋಡಿ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ದೋಣಿಯಲ್ಲಿಟ್ಟು, ಅದಕ್ಕೆ ಉದ್ದನೆಯ ರಬ್ಬರ್ ಕೊಳವೆ ಕಟ್ಟಿ, ಅದರ ತುದಿ ಬಾಯಲ್ಲಿ ಕಚ್ಚಿಕೊಂಡು ಇಬ್ಬರೂ ಲಾಬ್‌ಸ್ಟರ್ ಹುಡುಕುತ್ತಾ ಬಂಡೆಗಳ ಬುಡಕ್ಕೆ ಇಳಿಯುತ್ತಿದ್ದರು. ಎಲಿಹಿಯೊನ ದೊಡ್ಡ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ತಂದೆಯ ಸ್ಥಾನದಲ್ಲಿ ನಿಂತ ಜ್ಞಾನಪಿತ ಫರ್ಮಿನ್. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ, 'ಕೊಂಪಾದ್ರೆ' ಅಂತಲೇ ಕರೆಯುತ್ತಿದ್ದರು. ಒಂದು ಮಂಗಳವಾರ, ನಾಲ್ಕನೇ ಸಲ ಇಳಿದಿದ್ದಾಗ, ಮೇಲೆ ಯಂತ್ರ ನಿಂತುಹೋಯಿತು. ಅಷ್ಟು ಆಳದಿಂದ ನಿಧಾನವಾಗಿ, ನಿಂತು ನಿಂತು ಬರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಜೀವಕ್ಕೇ ಕುತ್ತು. ಗಾಳಿ ಇಲ್ಲದವರು ನಿಲ್ಲುವುದು ಹೇಗೆ? ಇಬ್ಬರೂ ಒಂದೇ ಸಮನೆ ಮೇಲೆ ಬಂದರು. ಫರ್ಮಿನ್ ದಡ ಮುಟ್ಟುವ ಮೊದಲೇ ದೋಣಿಯಲ್ಲಿ ತೀರಿಕೊಂಡ. ಎಲಿಹಿಯೊ ರಾಜಧಾನಿಯ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು, ಎಡಗಾಲಿನ ಅರ್ಧ ಬಲ ಅಲ್ಲೇ ಬಿಟ್ಟು ಬಂದ. ಇನ್ನು ಆಳಕ್ಕೆ ಇಳಿಯಕೂಡದು ಅಂತ ವೈದ್ಯರು ಹೇಳಿದರು. ಆಗ ನಮ್ಮ ಹೋಟೆಲಿಗೆ ಕೊಳ ಕಾಯುವವನು ಬೇಕಿತ್ತು. ಅದರ ಅತಿ ಆಳದ ಜಾಗ ಎರಡು ಮೀಟರ್.

ಫರ್ಮಿನ್ನನ ಅಕ್ಕ ಮಿರ್ತಾ ಅದೇ ಹೋಟೆಲಿನ ಲಾಂಡ್ರಿಯ ಮುಖ್ಯಸ್ಥೆ. ಎಲಿಹಿಯೊಗಿಂತ ಮೊದಲಿನಿಂದಲೂ ಅಲ್ಲಿದ್ದವಳು. ಒದ್ದೆ ಟವೆಲ್ಲುಗಳ ಗಾಡಿಯನ್ನು ಅವನು ಲಾಂಡ್ರಿಯ ಬಾಗಿಲಿಗೆ ತಳ್ಳಿಕೊಂಡು ಹೋಗುತ್ತಿದ್ದ, ಅವಳು ಒಳಗೆಳೆದುಕೊಳ್ಳುತ್ತಿದ್ದಳು. "ನಮಸ್ಕಾರ ದೋನ್ಯಾ ಮಿರ್ತಾ," ಅನ್ನುತ್ತಿದ್ದ; ನಮ್ಮಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಹಾಗೇ ಕರೆಯುವುದು. "ಹೂಂ," ಅನ್ನುತ್ತಿದ್ದಳು. ಹದಿನೆಂಟು ವರ್ಷ ಇಬ್ಬರ ನಡುವೆ ಇದಕ್ಕಿಂತ ಹೆಚ್ಚು ಮಾತು ನಡೆದದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ, ಒಂದು ಮಧ್ಯಾಹ್ನ, ಮಿರ್ತಾ ಲಾಂಡ್ರಿ ಬಿಟ್ಟು ಕೊಳದ ಬಳಿಗೆ ಬಂದಳು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ನೇರವಾಗಿ ಕುರ್ಚಿಯ ಕೆಳಗೆ ನಿಂತಳು. ಎಲಿಹಿಯೊ ಗಾಬರಿಯಾಗಿ ಇಳಿಯಹೋದ.

"ಅಲ್ಲೇ ಇರು, ನಿನ್ನ ಕೆಲ್ಸ ನೋಡ್ಕೊ. ನನಗೆ ಈಜು ಕಲಿಸ್ತೀಯಾ?"

ಅವನು ಕುರ್ಚಿಯ ಕೈ ಹಿಡಿದು ಕೆಳಗೆ ಬಗ್ಗಿದ.

"ಐವತ್ತೇಳು ವರ್ಷ ಆಯ್ತು ನನಗೆ. ಮೂವತ್ತು ವರ್ಷದಿಂದ ಕಂಡವರ ಈಜುಡುಗೆ ಒಗೀತಿದೀನಿ. ಒಂದೂ ಹಾಕ್ಕೊಂಡಿಲ್ಲ. ಮುಂದಿನ ವರ್ಷ ಕೆಲ್ಸ ಬಿಡ್ತೀನಿ. ಅಷ್ಟರೊಳಗೆ ಕಲೀಬೇಕು."

"ಕೆಲಸದವ್ರು ಕೊಳಕ್ಕೆ ಇಳಿಯೋ ಹಾಗಿಲ್ಲ ದೋನ್ಯಾ," ಅಂದ ಎಲಿಹಿಯೊ.

"ಅದು ನನಗೂ ಗೊತ್ತು. ನಾನು ಕೊಳ ಅಂದ್ನಾ? ಊರ ಹಿಂದಿನ ಹಿನ್ನೀರು, ಆ ಲಗೂನ್ ಇದೆಯಲ್ಲ." ಹೊರಡುವಾಗ ನನ್ನ ಕಡೆ ತಿರುಗಿದಳು. "ನೀನೂ ಬಾ ಹಸಿಂತಾ. ಒಬ್ಬಳೇ ಹೋದ್ರೆ ಊರವರು ಮದುವೆ ಮಾಡಿಸಿಬಿಡ್ತಾರೆ."

ಹಾಗೆ ನಾನೂ ವಿದ್ಯಾರ್ಥಿನಿಯಾದೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮೂವರೂ ಮ್ಯಾಂಗ್ರೋವ್ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಹೋಗುತ್ತಿದ್ದೆವು. ಎಲಿಹಿಯೊನ ಹೆಂಡತಿ ನೆರೆಯ್ದಾ ಬೇಯಿಸಿ ಹಿಸುಕಿದ ಬಾಳೆಕಾಯಿಯ ಮೇಲೆ ಈರುಳ್ಳಿ ಹಾಕಿ ಡಬ್ಬಿ ಕಟ್ಟಿ ಕೊಡುತ್ತಿದ್ದಳು. ಲಗೂನಿನ ನೀರು ಚಹಾ ಬಣ್ಣದ್ದು, ಅಲುಗಾಡದ್ದು. ಮೊದಲ ಪಾಠ ಜಗಳದಿಂದಲೇ ಶುರುವಾಯಿತು.

"ಮುಖ ನೀರಲ್ಲಿ ಮುಳುಗಿಸಿ, ದೋನ್ಯಾ."

"ಮೊನ್ನೆ ತಾನೇ ಕೂದಲು ನೆಟ್ಟಗೆ ಮಾಡಿಸಿದೀನಿ ಕಣೋ. ಸಲೂನಿನವಳಿಗೆ ನೀನು ಉತ್ತರ ಹೇಳ್ತೀಯಾ?"

"ಕೂದಲು ನೆಟ್ಟಗಿದ್ರೆ ತೇಲಲ್ಲ. ಉಸಿರು ಬೇಕು."

ಅವಳು ನೇರಳೆ ಬಣ್ಣದ ಈಜುಡುಗೆ ತಂದಿದ್ದಳು, ಮೇಲೊಂದು ಹಳೆ ಅಂಗಿ ಹಾಕಿಕೊಂಡಿದ್ದಳು. ಸೊಂಟದವರೆಗಿನ ನೀರಿಗೆ ಬಂದು ನನ್ನ ತೋಳು ಹಿಡಿದ ಹಿಡಿತಕ್ಕೆ ನಾಲ್ಕು ದಿನ ಕಲೆ ಉಳಿಯಿತು. ಎಲಿಹಿಯೊ ಅವಸರ ಮಾಡಲಿಲ್ಲ. ಮೂರು ಭಾನುವಾರ ನಮ್ಮಿಂದ ನೀರಲ್ಲಿ ಗುಳ್ಳೆ ಬಿಡುವುದನ್ನು ಮಾತ್ರ ಮಾಡಿಸಿದ. ಆಮೇಲೆ ಬೆನ್ನ ಮೇಲೆ ಮಲಗಿಸಿ, ತಲೆಯ ಕೆಳಗೆ ಎರಡು ಬೆರಳಿಟ್ಟು, "ಇಸ್ತ್ರಿ ಮಾಡಿದ ಹಾಸಿಗೆ ಮೇಲೆ ಮಲಗಿದೀರಿ ಅಂದ್ಕೊಳ್ಳಿ" ಅನ್ನುತ್ತಿದ್ದ.

"ಮಾಡೋಳೂ ನಾನೇ, ಮಲಗೋಳೂ ನಾನೇನಾ? ಇದೇ ಮೊದ್ಲು," ಅಂದಳು ಒಮ್ಮೆ. ನಗು ಬಂದು ಮೈ ಸಡಿಲವಾಯಿತು. ಅವನು ಬೆರಳು ತೆಗೆದದ್ದು ಅವಳಿಗೆ ಗೊತ್ತಾಗಲಿಲ್ಲ. ಎಷ್ಟೋ ಹೊತ್ತು ಆಕಾಶ ನೋಡುತ್ತಾ ತೇಲಿಕೊಂಡಿದ್ದಳು.

ಗುಡ್ ಫ್ರೈಡೇ ವಾರದಲ್ಲಿ ಪಾಠ ಇರಲಿಲ್ಲ. ಆ ದಿನಗಳಲ್ಲಿ ನೀರಿಗಿಳಿದವರು ಮೀನಾಗುತ್ತಾರೆ ಅಂತ ನಮ್ಮಜ್ಜಿಯರು ಹೆದರಿಸಿಟ್ಟಿದ್ದಾರೆ. "ಮೀನಾದ್ರೆ ಕಲಿಯೋ ಕಷ್ಟವೇ ತಪ್ಪುತ್ತಿತ್ತು," ಅಂತ ಮಿರ್ತಾ ಗೊಣಗಿದಳು. ಮೇ ಕೊನೆಗೆ ಅವಳು ಲಗೂನಿನ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದಳು. ನಾನು ಅರ್ಧಕ್ಕೆ ನಿಂತು ಮರದ ಬೇರು ಹಿಡಿಯುತ್ತಿದ್ದೆ.

ಜೂನ್ ಮೊದಲ ಭಾನುವಾರ ಬಟ್ಟೆ ಹಿಂಡುತ್ತಾ ಮಿರ್ತಾ ಹೇಳಿದಳು: "ಮುಂದಿನ ವಾರ ಸಮುದ್ರಕ್ಕೆ ಹೋಗೋಣ."

ಎಲಿಹಿಯೊ ಡಬ್ಬಿಯ ಮುಚ್ಚಳ ಹಾಕುತ್ತಿದ್ದವನು ಹಾಗೇ ನಿಂತ. "ಬೇರೆ ಯಾರನ್ನಾದ್ರೂ ಕರ್ಕೊಂಡ್ ಹೋಗಿ ದೋನ್ಯಾ. ನನಗೆ ಡಾಕ್ಟ್ರು ಬೇಡ ಅಂದಿದಾರೆ."

"ಡಾಕ್ಟ್ರು ಬೇಡ ಅಂದಿದ್ದು ಆಳಕ್ಕೆ. ಸೊಂಟದ ಮಟ್ಟಕ್ಕಲ್ಲ. ನೆರೆಯ್ದಾನ ಕೇಳಿದೀನಿ. ಆಸ್ಪತ್ರೆಯಿಂದ ಬಂದ ಮೇಲೆ ನೀನು ಸಮುದ್ರದಲ್ಲಿ ಪಾದ ಕೂಡ ನೆನೆಸಿಲ್ವಂತೆ."

ಅದು ನನಗೂ ಹೊಸ ಸುದ್ದಿ. ಹೋಟೆಲಿನಿಂದ ಸಮುದ್ರಕ್ಕೆ ಇಪ್ಪತ್ತು ಹೆಜ್ಜೆ. ಹದಿನೆಂಟು ವರ್ಷ ಅವನು ಅದಕ್ಕೆ ಬೆನ್ನು ಹಾಕಿಯೇ ಕೂತಿದ್ದ. ಕುರ್ಚಿ ಹಾಗೆ ತಿರುಗಿರುವುದು ಕೊಳ ಕಾಣಲಿ ಅಂತ ಅಂದುಕೊಂಡಿದ್ದೆವು.

ಎಲಿಹಿಯೊ ಕಲ್ಲಿನ ಮೇಲೆ ಕೂತ. ನೀರನ್ನೇ ನೋಡುತ್ತಾ ಮಾತಾಡಿದ.

"ನಿಮಗೆ ಒಂದು ವಿಷಯ ಹೇಳಿಲ್ಲ. ಆ ದಿನ ಮೂರು ಸಲ ಇಳಿದಾಗಿತ್ತು. ಕೊಂಪಾದ್ರೆ ಸಾಕು ಅಂದ. ತಲೆ ನೋಯ್ತಿದೆ, ಮನೆಗೆ ಹೋಗೋಣ ಅಂದ. ನಾನೇ ಇನ್ನೊಂದು ಸಲ ಇಳಿಯೋಣ ಬಾ ಅಂದೆ."

ಮಿರ್ತಾ ಹಿಂಡಿದ ಅಂಗಿಯನ್ನು ಕೊಡವಿ ಪೊದೆಯ ಮೇಲೆ ಹರಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಗೊತ್ತು. ಅವತ್ತು ಮೇಲೆ ದೋಣಿ ಹಿಡಿದಿದ್ದವನು, ಫರ್ಮಿನ್ ತೀರಿಕೊಂಡ ಒಂಬತ್ತನೇ ದಿನದ ಪ್ರಾರ್ಥನೆಗೆ ಬಂದಾಗಲೇ ಹೇಳಿದ."

"ಗೊತ್ತಿದ್ದೂ..." ಅವನು ಅವಳ ಕಡೆ ತಿರುಗಿದ.

"ಮೊದಲ ಐದಾರು ವರ್ಷ ನಿನ್ನ ಗಾಡಿ ಸದ್ದು ಕೇಳಿದ್ರೆ ಮೈ ಉರೀತಿತ್ತು. ನೀನು ತಂದ ಟವೆಲ್ ಅಂತ ಎರಡು ಸಲ ಹೆಚ್ಚು ಬಡಿದು ಒಗೀತಿದ್ದೆ. ಆಮೇಲಾಮೇಲೆ ಯೋಚನೆ ಮಾಡ್ದೆ. ಫರ್ಮಿನ್‌ಗೆ ಬಾಯಿ ಇರಲಿಲ್ವಾ? ಬರಲ್ಲ ಅಂದಿದ್ರೆ ನೀನು ಹೊತ್ಕೊಂಡ್ ಹೋಗ್ತಿದ್ಯಾ? ಚಿಕ್ಕಂದಿನಿಂದಲೂ ಅವನು ಹಾಗೇ. ಸಾಕು ಅಂತಾನೆ, ತಟ್ಟೆ ಮುಂದೆ ಮಾಡ್ತಾನೆ." ಅವಳು ಅವನ ಪಕ್ಕದ ಕಲ್ಲಿನ ಮೇಲೆ ಕೂತಳು. "ನೀರೊಳಗೆ ಅವನನ್ನ ಕೊನೇಲಿ ನೋಡಿದೋನು ನೀನೊಬ್ಬನೇ. ಇಡೀ ಪ್ರಾಯ ಅವನು ಎಲ್ಲಿ ಕಳೀತಿದ್ದ, ಅಲ್ಲಿ ಏನು ಕಾಣ್ತಿತ್ತು, ನನಗೆ ಗೊತ್ತೇ ಇಲ್ಲ. ಅದಕ್ಕೇ ನಿನ್ನ ಹತ್ರ ಬಂದಿದ್ದು."

ಎಲಿಹಿಯೊ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ಭುಜಗಳು ಅಲುಗುತ್ತಿದ್ದವು. ನಾನು ನೀರಿನ ಅಂಚಿಗೆ ಹೋಗಿ, ತೊಳೆದಿದ್ದ ಡಬ್ಬಿಯನ್ನೇ ಮತ್ತೊಮ್ಮೆ ತೊಳೆದೆ.

ಮುಂದಿನ ಭಾನುವಾರ ಸಮುದ್ರ ತಟ್ಟೆಯ ಹಾಗೆ ಸಮವಾಗಿತ್ತು. ಬಾದಾಮಿ ಮರದ ಕೆಳಗಿನವರು ನಮ್ಮ ಮೂವರನ್ನು ಕಂಡು ಡಾಮಿನೊ ಕಾಯಿ ಕೈಯಲ್ಲೇ ಹಿಡಿದು ನೋಡಿದರು. ಒಬ್ಬ ಏನೋ ಹೇಳಲು ಬಾಯಿ ತೆರೆದ. ಪಕ್ಕದವನು ಮೊಣಕೈಯಲ್ಲಿ ತಿವಿದ. ಎಲಿಹಿಯೊ ಒದ್ದೆ ಮರಳಿನವರೆಗೆ ಬಂದು ನಿಂತುಬಿಟ್ಟ. ಸಣ್ಣ ಅಲೆಯೊಂದು ಪಾದದ ಮೇಲೆ ಬಂದು ಹೋಯಿತು. ಅವನ ತುಟಿ ಬಿಳಿಚಿಕೊಂಡಿತ್ತು.

"ಗುಳ್ಳೆ ಬಿಡೋದು ನಾನು ಹೇಳಿಕೊಡ್ಲಾ?" ಅಂದಳು ಮಿರ್ತಾ.

ಅವನು ನಕ್ಕನೋ, ಉಸಿರು ಬಿಟ್ಟನೋ ತಿಳಿಯಲಿಲ್ಲ. ಅವಳು ಅವನ ಕೈ ಹಿಡಿದಳು. ಮೊಣಕಾಲು, ಸೊಂಟ, ಎದೆ. ಎದೆಮಟ್ಟಕ್ಕೆ ಬಂದಾಗ ಅವನು ಕೈ ಬಿಡಿಸಿಕೊಂಡು, ಕಣ್ಣುಮುಚ್ಚಿ ಒಮ್ಮೆ ಮುಳುಗಿದ. ಮೇಲೆ ಬಂದಾಗ ಮುಖವೇ ಬೇರೆಯಾಗಿತ್ತು. ಅಲ್ಲಿಂದ ಮುಂದೆ ಅವನ ಕಾಲಿನ ಎಳೆತ ಕಾಣಲಿಲ್ಲ. ನೀರಿನಲ್ಲಿ ಅವನು ಕುಂಟನಲ್ಲ. ಅದನ್ನು ನಾನು ನೋಡಿದ್ದು ಅಂದೇ ಮೊದಲು.

ಅವನು ತಂದಿದ್ದ ಈಜುವ ಕನ್ನಡಕವನ್ನು ಅವಳ ಕಣ್ಣಿಗೆ ಕಟ್ಟಿ, ಕೆಳಗೆ ನೋಡಲು ಹೇಳಿದ. ಅವಳು ಮುಖ ಮುಳುಗಿಸಿದಳು. ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿಸಿದಳು. ಹೀಗೆ ಎಷ್ಟೋ ಸಲ.

"ಹಳದಿ ಪಟ್ಟೆಯವು ಇದಾವೆ, ಒಂದು ಹಿಂಡು," ಅಂದಳು. "ಅವನು ಹೇಳ್ತಿದ್ದ. ನಾನು ಸುಳ್ಳು ಅಂದ್ಕೊಂಡಿದ್ದೆ."

"ಅಲ್ಲಿ, ಬಂಡೆ ಸಾಲಿನ ಆಚೆ ಇನ್ನೂ ಜಾಸ್ತಿ," ಅಂದ ಎಲಿಹಿಯೊ. "ಕೊಂಪಾದ್ರೆ ಅವಕ್ಕೆಲ್ಲ ಹೆಸರಿಟ್ಟಿದ್ದ. ಒಂದಕ್ಕೆ ನಿಮ್ಮ ಹೆಸರು. ಬಾಯಿ ಮುಚ್ಚದ ಮೀನು ಅದು."

ಮಿರ್ತಾ ಅವನ ಮುಖಕ್ಕೆ ನೀರೆರಚಿದಳು. ಆಮೇಲೆ ಇಬ್ಬರೂ ಬಂಡೆ ಸಾಲಿನ ಕಡೆ ನೋಡುತ್ತಾ ನಿಂತರು. ಅವನು ಫರ್ಮಿನ್ನನ ಬಗ್ಗೆ ಹೇಳುತ್ತಲೇ ಹೋದ. ಯಾವ ಸಂದಿಯಲ್ಲಿ ಕೈ ಹಾಕುತ್ತಿದ್ದ, ನೀರೊಳಗೆ ಹೇಗೆ ಕೈಸನ್ನೆಯಲ್ಲಿ ಬೈಯುತ್ತಿದ್ದ, ಆಮೆ ಕಂಡರೆ ಹೇಗೆ ಕೆಲಸ ಬಿಟ್ಟು ಅದರ ಹಿಂದೆ ಹೋಗುತ್ತಿದ್ದ. ದಡಕ್ಕೆ ಬಂದು ಹುರಿದ ಮೀನು, ಮರಗೆಣಸಿನ ರೊಟ್ಟಿ ತಿನ್ನುವಾಗಲೂ ಮಾತು ಮುಗಿದಿರಲಿಲ್ಲ. ಊರಿಗೆಲ್ಲ ಮೌನಿ ಅನ್ನಿಸಿಕೊಂಡವನು ಅಷ್ಟು ಮಾತಾಡಬಲ್ಲ ಅಂತ ಯಾರಿಗೂ ಗೊತ್ತಿರಲಿಲ್ಲ.

ಸುದ್ದಿ ಹೋಟೆಲಿಗೂ ಹೋಯಿತು. ಮ್ಯಾನೇಜರ್ ದೋನ್ಯಾ ಇವೆಲಿಸ್ಸೆ ಎಲಿಹಿಯೊನನ್ನು ಕರೆಸಿದಾಗ ನಾವೆಲ್ಲ ಹೆದರಿದೆವು.

ಅವರು ಕೇಳಿದ್ದು ಇಷ್ಟೆ: "ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ?"

"ತೋಟದವರಲ್ಲಿ ಇಬ್ಬರು. ನಾನು. ಈಗ ದೋನ್ಯಾ ಮಿರ್ತಾ. ಹಸಿಂತಾ ಅರ್ಧ."

"ಸಮುದ್ರದ ಬಾಯಲ್ಲಿ ಕೂತಿದ್ದೀವಿ, ಇಷ್ಟೇ ಜನಾನಾ?" ಅಂದರಂತೆ.

ಸೆಪ್ಟೆಂಬರ್‌ನಲ್ಲಿ ಅತಿಥಿಗಳು ಕಡಿಮೆಯಾದಾಗ, ವಾರಕ್ಕೆರಡು ಸಂಜೆ ಒಂದು ಗಂಟೆ ಕೊಳ ಕೆಲಸದವರದ್ದಾಯಿತು. ಮೊದಲ ದಿನವೇ ಇಪ್ಪತ್ತೊಂದು ಜನ ಬಂದರು. ಮಿರ್ತಾ ಹೆಂಗಸರ ಸಾಲನ್ನು ವಹಿಸಿಕೊಂಡಳು. ಕೆಲಸ ಬಿಟ್ಟ ಮೇಲೂ ಆ ಎರಡು ಸಂಜೆ ತಪ್ಪದೆ ಬರುತ್ತಾಳೆ. ಅಡುಗೆಮನೆಯ ದೋನ್ ಬೆನಿಗ್ನೊ ಮಾತ್ರ ಎರಡನೇ ಮೆಟ್ಟಿಲಿನಿಂದ ಕೆಳಗೆ ಇನ್ನೂ ಇಳಿದಿಲ್ಲ. ಎಲಿಹಿಯೊ ಅವನ ಪಕ್ಕದಲ್ಲೇ ನೀರಲ್ಲಿ ಕಾಲು ಇಳಿಬಿಟ್ಟು ಕೂತು, ಊಟಕ್ಕೆ ಏನು ಮಾಡಿದ್ದೀರಿ ಅಂತ ವಿಚಾರಿಸುತ್ತಾನೆ.