ಖಾಲಿ ಜಾಗಕ್ಕೂ ಸೀಸ

ಪತ್ರಿಕೆಯ ಜಾಲತಾಣಕ್ಕೆ ಹೊಸ ಟೆಂಪ್ಲೇಟು ಬಂದ ದಿನ ಓದುಗರ ಪದ್ಯಗಳೆಲ್ಲ ಸಾಲು ಕಳೆದುಕೊಂಡು ಒಂದೊಂದು ಪ್ಯಾರಾ ಆದವು. ಬರೆದವರನ್ನು ಯಾರೂ ಕೇಳಲಿಲ್ಲ.

ಬೆಳಕು ಹರಿಯುವ ಮುಂಚೆಯೇ ಕಚೇರಿಯ ಮೂಲೆಯ ಕಂಪ್ಯೂಟರಿನ ಮುಂದೆ ಅಚ್ಚಕ್ಕ ಕೂತಿದ್ದಾರೆ. ಅಚ್ಚುಮೊಳೆ ಜೋಡಿಸುವವರ ಮಗಳಾದ್ದರಿಂದ ಅಂಟಿದ ಹೆಸರು. ಗುಡಿಸುವಾಕೆ ಪೊರಕೆ ತಂದರೆ ಕೂತಲ್ಲೇ ಕಾಲೆತ್ತುತ್ತಾರೆ, ಕಣ್ಣೆತ್ತುವುದಿಲ್ಲ.

ಇವರ ಕೆಲಸ ಕೆಟ್ಟಾಗ ಮಾತ್ರ ಕಾಣುವಂಥದ್ದು. ಇಲ್ಲಿ ಸಾಲು ಮುರಿಯಬೇಕು, ಇದು ದಪ್ಪಕ್ಷರ, ಇಲ್ಲಿ ಜಾಗ ಬಿಡಬೇಕು ಎಂದು ಬರಹದೊಳಗೆ ಗುರುತು ಸೇರಿಸಿ, ಬರಹಗಳನ್ನೆಲ್ಲ ಕೂಡಿಡುವ ಜಾಲತಾಣದ ಕಣಜಕ್ಕೆ ಹಾಕುತ್ತಾರೆ. ಅದನ್ನು ಪುಟದಲ್ಲಿ ಹಾಗೇ ತೋರಿಸಬೇಕಾದದ್ದು ಟೆಂಪ್ಲೇಟು. ಹೊಸದು ಅಕ್ಷರ ಮಾತ್ರ ಎತ್ತಿಕೊಂಡು ಗುರುತುಗಳನ್ನು ಬಿಟ್ಟುಬಿಡುತ್ತದೆ. ಸಂಪಾದಕೀಯಕ್ಕೆ ಏನೂ ಆಗಿಲ್ಲ; ದೊಡ್ಡವರದು ಮೊದಲಿಂದಲೂ ಉಸಿರಿಗೂ ನಿಲ್ಲದ ಮಾತೇ. ಪೆಟ್ಟು ಬಿದ್ದದ್ದು ಗಿರಣಿಯಿಂದ, ಬಸ್ಸಿನಿಂದ, ಆಸ್ಪತ್ರೆಯ ವಾರ್ಡಿನಿಂದ ಬರೆದು ಕಳಿಸಿದವರಿಗೆ.

ಹೆಂಡತಿ ತೀರಿಕೊಂಡಾಗ ನಿವೃತ್ತ ಕಂಡಕ್ಟರೊಬ್ಬರು ಬರೆದ ಪದ್ಯದಲ್ಲಿ 'ಅವಳು' ಎಂಬ ಒಂದೇ ಪದ ಒಂದು ಸಾಲು. ಮೇಲೂ ಕೆಳಗೂ ಖಾಲಿ. ಮೊನ್ನೆ ಫೋನ್ ಮಾಡಿದರಂತೆ: "ಅಕ್ಕಾ, ಅವಳನ್ನ ಕಿಟಕಿ ಪಕ್ಕ ಒಬ್ಬಳೇ ಕೂರಿಸಿದ್ದೆ. ನೀವು ರಶ್ಶಲ್ಲಿ ನಿಲ್ಲಿಸಿಬಿಟ್ರಲ್ಲ!"

ಹೇಳುತ್ತ ಅಚ್ಚಕ್ಕ ನಗುತ್ತಾರೆ. ಅಪ್ಪ ಮೊಳೆ ಜೋಡಿಸುತ್ತಿದ್ದ ಕೆಳಗಿನ ಅಚ್ಚುಕೋಣೆ ಈಗ ಕಾರು ನಿಲ್ಲಿಸುವ ಜಾಗ. ಇಳಿದು ಹೋಗುವಾಗ ಈಗಲೂ ಅಪ್ಪನ ಅಂಗಿಯ ವಾಸನೆ ಬರುತ್ತದಂತೆ, ಮಸಿ ಮತ್ತು ಸೀಮೆಎಣ್ಣೆ.

"ಆಗ ಖಾಲಿ ಜಾಗಕ್ಕೂ ಸೀಸದ ತುಂಡು ಇಡ್ಬೇಕಿತ್ತು. ಏನೂ ಇಲ್ಲದ್ದಕ್ಕೆ ಯಾಕಪ್ಪಾ ಇಷ್ಟು ಭಾರ ಅಂದೆ. ಒಂದು ತೆಗೆದು ನೋಡು ಅಂದ್ರು. ತೆಗೆದು ಮೊಳೆ ಜೋಡಿಸಿದ ಚೌಕಟ್ಟು ಎತ್ತಿದೆ ನೋಡಿ, ಇಡೀ ಪುಟ ನೆಲಕ್ಕೆ! ಅಪ್ಪ ಬೈಲಿಲ್ಲ. ಇಬ್ರೂ ಸಂಜೆವರೆಗೂ ಮೊಳೆ ಆರಿಸಿದ್ವಿ."

ಗುರುತುಗಳು ಕಣಜದಲ್ಲಿ ಇನ್ನೂ ಇವೆ. ಟೆಂಪ್ಲೇಟು ತಿದ್ದಿದರೆ ಸಾಲುಗಳು ಮರಳುತ್ತವೆ. ಜಾಲತಾಣದ ಮುಖ್ಯಸ್ಥರಿಗೆ ಅಷ್ಟು ವ್ಯವಧಾನವಿಲ್ಲ. ಗುರುತುಗಳನ್ನೇ ಅಳಿಸಿಹಾಕಲು ಅಪ್ಪಣೆಯಾಗಿದೆ.

ಕಾಫಿ ಲೋಟ ಹಿಡಿದು ಅವರೇ ಬರುತ್ತಾರೆ. "ಏನ್ ಅಚ್ಚಕ್ಕಾ, ಇನ್ನೂ ಒತ್ತಿಲ್ವಾ? ಒಂದು ಬಟನ್ ಅಷ್ಟೇ. ಪುಟ ಬೇಗ ತೆರೆಯುತ್ತೆ."

"ತೆರೆದು ಏನ್ ನೋಡ್ತಾರೆ ಸರ್?"

"ಈ ಪದ್ಯಗಳನ್ನ ಯಾರ್ರೀ ಓದ್ತಾರೆ?"

"ಬರೆದೋರು ಓದ್ತಾರೆ."

"ಆಯ್ತು, ಒತ್ತಿ."

"ಒಮ್ಮೆ ಅಳಿಸಿದ್ರೆ ವಾಪಸ್ ಬರಲ್ಲ ಸರ್. ಆರಿಸೋಕೆ ನೆಲದ ಮೇಲೂ ಸಿಗಲ್ಲ. ಟೆಂಪ್ಲೇಟು ತಿದ್ದು ಅನ್ನಿ, ಈಗ್ಲೇ ಕೂರ್ತೀನಿ."

ಮುಖ್ಯಸ್ಥರು ಕದಲುವುದಿಲ್ಲ. ಅಚ್ಚಕ್ಕ ಕೀಲಿಮಣೆಯಿಂದ ಕೈಗಳೆರಡನ್ನೂ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ಇದನ್ನ ಒತ್ತಲ್ಲ ಸರ್."